ಗಾಳಿಯಲ್ಲಿರುವ ಐಸ್‌ಕ್ರೀಮ್: 1939ರ ಒಂದು ಫೋಟೋ ಮತ್ತು ಅಮೆರಿಕದ ಸಣ್ಣ ಊರಿನ ಔಷಧಿ ಅಂಗಡಿ

ಒಂದು ಕೈಯಲ್ಲಿ ಸ್ಟೀಲಿನ ಕಪ್ಪು, ಇನ್ನೊಂದರಲ್ಲಿ ಸ್ಕೂಪ್. ಐಸ್‌ಕ್ರೀಮಿನ ಉಂಡೆ ಸ್ಕೂಪ್ ಬಿಟ್ಟಾಗಿದೆ, ಕಪ್ಪಿಗೆ ಇನ್ನೂ ಬಿದ್ದಿಲ್ಲ. ಗಾಳಿಯಲ್ಲೇ ಇದೆ. ಸೋಡಾ, ಮಿಲ್ಕ್ ಶೇಕ್ ಮಾಡಿಕೊಡುವ ಸೋಡಾ ಕೌಂಟರಿನ ಕೆಲಸದವನೊಬ್ಬ ದಿನಕ್ಕೆ ಎಷ್ಟೋ ಸಲ ತೋರಿಸುತ್ತಿದ್ದ ಈ ಕೈಚಳಕವನ್ನು ರಸೆಲ್ ಲೀ ಎಂಬ ಫೋಟೋಗ್ರಾಫರ್ 1939ರ ಫೆಬ್ರುವರಿಯಲ್ಲಿ ಹಿಡಿದರು. ಊರು ಟೆಕ್ಸಸ್ ರಾಜ್ಯದ ಕಾರ್ಪಸ್ ಕ್ರಿಸ್ಟಿ. ಫೋಟೋ ಈಗ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ಯಾರು ಬೇಕಾದರೂ ನೋಡಬಹುದು, ಇಳಿಸಿಕೊಳ್ಳಬಹುದು.

ಅಮೆರಿಕದ ಹಳೆಯ ಔಷಧಿ ಅಂಗಡಿಗಳ ಫೋಟೋ ನೋಡುವ ಹವ್ಯಾಸ ಇದ್ದವರಿಗೆ ಇದು ಗೊತ್ತಿರುವ ಚಿತ್ರ. ನೋಡಿದ ಕೂಡಲೇ ಖುಷಿ ಆಗುತ್ತದೆ. "ಆ ಕಾಲ ಎಷ್ಟು ಚೆನ್ನಾಗಿತ್ತು" ಅನ್ನಿಸುತ್ತದೆ. ನನ್ನ ತಕರಾರು ಇರುವುದು ಅಲ್ಲೇ. ಚಿತ್ರವೊಂದನ್ನೇ ನೋಡಿದರೆ ಅಷ್ಟೇ ಅನ್ನಿಸುವುದು. ಅದರ ಕೆಳಗಿನ ಬರಹ, ಅದರ ಅಕ್ಕಪಕ್ಕದ ಚಿತ್ರಗಳು, ಅದನ್ನು ತೆಗೆಸಿದವರ ಉದ್ದೇಶ, ಎಲ್ಲವನ್ನೂ ಜೊತೆಗಿಟ್ಟು ನೋಡಿದರೆ ಇದೇ ಫೋಟೋ ಬೇರೆಯೇ ಕಥೆ ಹೇಳುತ್ತದೆ. ಅದಕ್ಕೇ ಈ ಒಂದು ಚಿತ್ರವನ್ನು ಪ್ರಕರಣವಾಗಿ ಎತ್ತಿಕೊಂಡಿದ್ದೇನೆ.

ಮೊದಲು ಕೆಳಗಿನ ಬರಹ. ಅದರಲ್ಲಿರುವುದು ಇಷ್ಟೇ: ಸೋಡಾ ಕೆಲಸಗಾರ ಮಾಲ್ಟೆಡ್ ಮಿಲ್ಕ್ ಶೇಕ್‌ಗೆ ಐಸ್‌ಕ್ರೀಮ್ ಹಾರಿಸುತ್ತಿದ್ದಾನೆ, ಕಾರ್ಪಸ್ ಕ್ರಿಸ್ಟಿ, ಟೆಕ್ಸಸ್. ಅಂಗಡಿಯ ಹೆಸರಿಲ್ಲ. ಆ ಮನುಷ್ಯನ ಹೆಸರಿಲ್ಲ. ಅದು ಔಷಧಿ ಅಂಗಡಿ ಅಂತಲೂ ಬರೆದಿಲ್ಲ. ಇಂಥ ಕೌಂಟರುಗಳು ಹೆಚ್ಚಾಗಿ ಇರುತ್ತಿದ್ದದ್ದು ಅಲ್ಲಿನ ಔಷಧಿ ಅಂಗಡಿಗಳಾದ ಡ್ರಗ್ ಸ್ಟೋರ್‌ಗಳಲ್ಲಿ, ಹಾಗಾಗಿ ನೋಡುವವರು ಡ್ರಗ್ ಸ್ಟೋರ್ ಅಂದುಕೊಳ್ಳುತ್ತಾರೆ. ಅಂದುಕೊಳ್ಳುವುದಕ್ಕೆ ಕಾರಣ ಇದೆ, ಆದರೆ ಪುರಾವೆ ಬೇರೆ ಮಾತು. ಕಾರ್ಪಸ್ ಕ್ರಿಸ್ಟಿ ಅಷ್ಟೊಂದು ಸಣ್ಣ ಊರೂ ಅಲ್ಲ. ಬಂದರು ಮತ್ತು ಎಣ್ಣೆಯಿಂದ ಬೆಳೆಯುತ್ತಿದ್ದ ಪಟ್ಟಣ, 1940ರ ಜನಗಣತಿಯಲ್ಲಿ 57,000ಕ್ಕೂ ಜಾಸ್ತಿ ಜನ. ಇಷ್ಟು ಬಿಡಿಸಿಟ್ಟುಕೊಂಡು ಮುಂದೆ ಹೋಗೋಣ.

ಸರ್ಕಾರಕ್ಕೆ ಸೋಡಾ ಕೌಂಟರ್ ಯಾಕೆ ಬೇಕಾಗಿತ್ತು?

ಲೀಗೆ ಸಂಬಳ ಕೊಡುತ್ತಿದ್ದದ್ದು ಅಮೆರಿಕದ ಕೇಂದ್ರ ಸರ್ಕಾರ. ಆರ್ಥಿಕ ಕುಸಿತದ ಕಾಲ ಅದು. ಬೆಳೆ ಹೋಗಿ, ಸಾಲ ಏರಿ, ಲಕ್ಷಾಂತರ ರೈತರು ನೆಲ ಬಿಟ್ಟಿದ್ದರು. ಅವರಿಗೆ ನೆರವಾಗಲು 1935ರಲ್ಲಿ ರೀಸೆಟಲ್‌ಮೆಂಟ್ ಅಡ್ಮಿನಿಸ್ಟ್ರೇಷನ್ ಎಂಬ ಇಲಾಖೆ ಬಂತು. 1937ರಲ್ಲಿ ಅದೇ ಫಾರ್ಮ್ ಸೆಕ್ಯುರಿಟಿ ಅಡ್ಮಿನಿಸ್ಟ್ರೇಷನ್ ಆಯಿತು. ಇಷ್ಟು ದುಡ್ಡು ಯಾಕೆ ಖರ್ಚು ಮಾಡಬೇಕು ಅಂತ ಪಟ್ಟಣದ ಓದುಗರಿಗೂ ಸಂಸತ್ತಿಗೂ ತೋರಿಸಬೇಕಿತ್ತು. ಅದಕ್ಕೊಂದು ಫೋಟೋ ವಿಭಾಗ ಮಾಡಿ ರಾಯ್ ಸ್ಟ್ರೈಕರ್ ಅವರನ್ನು ಮುಖ್ಯಸ್ಥರನ್ನಾಗಿ ಕೂರಿಸಿದರು. ಸ್ಟ್ರೈಕರ್ ಫೋಟೋಗ್ರಾಫರ್ ಅಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತಿದ್ದವರು.

ಬರೀ ಬಡ ರೈತರ ಚಿತ್ರ ಸಾಲದು ಅನ್ನುವುದು ಅವರಿಗೆ ಬೇಗ ಹೊಳೆಯಿತು. ಇಂಡಿಯಾನಾದ ಮನ್ಸಿ ಪಟ್ಟಣವನ್ನು ಇಂಚಿಂಚಾಗಿ ಅಧ್ಯಯನ ಮಾಡಿದ್ದ ಸಮಾಜಶಾಸ್ತ್ರಜ್ಞ ರಾಬರ್ಟ್ ಲಿಂಡ್ ಜೊತೆ 1936ರಲ್ಲಿ ಸ್ಟ್ರೈಕರ್ ಮಾತಾಡಿದರು. ಅದಾದ ಮೇಲೆ ಫೋಟೋಗ್ರಾಫರುಗಳಿಗೆ ಒಂದು ಪಟ್ಟಿ ಹೋಯಿತು. ಸಂಜೆ ಹೊತ್ತು ಮನೆಯಲ್ಲಿ ಜನ ಏನು ಮಾಡುತ್ತಾರೆ? ಊರಿನವರು ಒಬ್ಬರನ್ನೊಬ್ಬರು ಎಲ್ಲಿ ಭೇಟಿ ಆಗುತ್ತಾರೆ? ಉಳ್ಳವರಿಗೆ ಕ್ಲಬ್ಬು ಇದೆ, ಇಲ್ಲದವರಿಗೆ? ಗಂಡಸರಿಗೆ ಇರುವಷ್ಟು ಜಾಗ ಹೆಂಗಸರಿಗೂ ಇದೆಯಾ? ಸರ್ಕಾರಿ ಕಚೇರಿಯೊಂದು ತನ್ನ ಕ್ಯಾಮೆರಾದವರಿಗೆ ಇಂಥ ಪ್ರಶ್ನೆ ಕೊಟ್ಟು ಕಳಿಸಿತ್ತು ಅಂದರೆ ಇವತ್ತಿಗೂ ನನಗೆ ಬೆರಗು.

ಈ ಪ್ರಶ್ನೆ ಹಿಡಿದು ಸಣ್ಣ ಊರಿಗೆ ಹೋದರೆ ಡ್ರಗ್ ಸ್ಟೋರ್ ಎದುರಾಗಲೇಬೇಕು. ಬಾರಿನಲ್ಲಿ ಗಂಡಸರು ಕೂರುತ್ತಿದ್ದರು. ಹೆಂಗಸರು, ಶಾಲೆ ಬಿಟ್ಟ ಮಕ್ಕಳು, ಪ್ರೀತಿಸುವ ಹುಡುಗ ಹುಡುಗಿ ಯಾರ ಮಾತಿಗೂ ಸಿಗದೆ ಅರ್ಧ ಗಂಟೆ ಕೂರಬಹುದಾಗಿದ್ದ ಜಾಗ ಸೋಡಾ ಕೌಂಟರ್. ಲೀ ಅದೇ ವರ್ಷ ಏಪ್ರಿಲ್‌ನಲ್ಲಿ ಪೂರ್ವ ಟೆಕ್ಸಸ್ಸಿನ ಸ್ಯಾನ್ ಅಗಸ್ಟೀನ್‌ಗೆ ಹೋದರು. ಅದು ನಿಜವಾಗಿಯೂ ಸಣ್ಣ ಊರು, ಒಂದೂವರೆ ಸಾವಿರದ ಆಸುಪಾಸು ಜನ. ಕೋರ್ಟು ಕಟ್ಟಡ, ಅದರ ಸುತ್ತ ಚೌಕ, ಚೌಕದ ಅಂಗಡಿಗಳು. ಊರಿಗೆ ಊರನ್ನೇ ಚಿತ್ರದಲ್ಲಿ ದಾಖಲು ಮಾಡುವ ಕೆಲಸ ಅದು. ಕಾರ್ಪಸ್ ಕ್ರಿಸ್ಟಿಯ ಐಸ್‌ಕ್ರೀಮ್ ಚಿತ್ರ ಆ ಟೆಕ್ಸಸ್ ತಿರುಗಾಟದ ಒಂದು ಕೊಂಡಿ.

ಬೆಳಕಿನ ಮಾತು

ಲೀ ಓದಿದ್ದು ಕೆಮಿಕಲ್ ಎಂಜಿನಿಯರಿಂಗ್. ಆಮೇಲೆ ಚಿತ್ರಕಲೆ, ಅದಾದ ಮೇಲೆ ಕ್ಯಾಮೆರಾ. 1936ರಲ್ಲಿ ಸ್ಟ್ರೈಕರ್ ತಂಡ ಸೇರಿದರು. ಫ್ಲ್ಯಾಶ್ ಬಳಸುವುದರಲ್ಲಿ ಅವರಿಗೆ ಯಾವ ಅಳುಕೂ ಇರಲಿಲ್ಲ. ಅದೇ ತಂಡದ ವಾಕರ್ ಎವಾನ್ಸ್ ದೊಡ್ಡ ಕ್ಯಾಮೆರಾ ನಿಲ್ಲಿಸಿಕೊಂಡು ಇರುವ ಬೆಳಕಿಗೇ ಕಾಯುತ್ತಿದ್ದವರು. ಅವರ ಅಂಗಡಿ ಚಿತ್ರಗಳಲ್ಲಿ ಹೊರಮುಖ, ಬೋರ್ಡು, ಗೋಡೆ ಬರಹ ಅದ್ಭುತವಾಗಿ ಬಂದಿವೆ. ಲೀ ಒಳಗೆ ನುಗ್ಗಿದರು. ಫ್ಲ್ಯಾಶ್ ಬಲ್ಬು ಹೊತ್ತಿದ ಆ ಕ್ಷಣದಲ್ಲಿ ಕತ್ತಲೆ ಮೂಲೆಯ ಕಪಾಟಿನ ಲೇಬಲ್ ಕೂಡ ಓದುವ ಹಾಗೆ ಬರುತ್ತದೆ. ಚೆಂದಕ್ಕಿಂತ ಮಾಹಿತಿ ಮುಖ್ಯ ಅನ್ನುವ ನಿಲುವು ಅದು. ಔಷಧಿ ಅಂಗಡಿಯ ಚರಿತ್ರೆ ಹುಡುಕುವವರಿಗೆ ಎವಾನ್ಸ್‌ಗಿಂತ ಲೀ ಜಾಸ್ತಿ ಉಪಯೋಗಕ್ಕೆ ಬರುತ್ತಾರೆ ಅನ್ನುವುದು ನನ್ನ ಅಭಿಪ್ರಾಯ.

ಈ ಫ್ಲ್ಯಾಶ್ ಬಲ್ಬು ಮಾರುಕಟ್ಟೆಗೆ ಬಂದದ್ದೇ 1930ರ ಸುಮಾರಿಗೆ. ಅದಕ್ಕೂ ಮುಂಚೆ ಅಂಗಡಿಯೊಳಗೆ ಫೋಟೋ ತೆಗೆಯಬೇಕಾದರೆ ಮೆಗ್ನೀಸಿಯಂ ಪುಡಿ ಸುಡಬೇಕಿತ್ತು, ಹೊಗೆ ತುಂಬುತ್ತಿತ್ತು. ಇಲ್ಲ ಅಂದರೆ ಲೆನ್ಸು ಬಹಳ ಹೊತ್ತು ತೆರೆದಿಡಬೇಕಿತ್ತು. 1900ರ ಆಸುಪಾಸಿನ ಔಷಧಿ ಅಂಗಡಿ ಚಿತ್ರಗಳಲ್ಲಿ ಮಾಲೀಕ, ಗುಮಾಸ್ತ ಎಲ್ಲರೂ ಕೌಂಟರಿಗೆ ಕೈಯೂರಿ ಕಂಬದ ಹಾಗೆ ನಿಂತಿರುವುದಕ್ಕೆ, ಅಲುಗಾಡಿದವರ ಮುಖ ಕಲಸಿಹೋಗಿರುವುದಕ್ಕೆ ಇದೇ ಕಾರಣ. ಹಾರುತ್ತಿರುವ ಐಸ್‌ಕ್ರೀಮ್ ಆಗ ಸಾಧ್ಯವೇ ಇರಲಿಲ್ಲ. ಫೋಟೋದ ಅತಿ ಸಂತೋಷದ ಭಾಗವೇ ಅದರ ಕಾಲವನ್ನೂ ಹೇಳುತ್ತಿದೆ.

ಔಷಧಿ ಅಂಗಡಿಯಲ್ಲಿ ಮಿಲ್ಕ್ ಶೇಕ್ ಹೇಗೆ ಬಂತು?

ನಮ್ಮ ಊರಿನ ಮೆಡಿಕಲ್ ಶಾಪ್ ಮನಸ್ಸಿನಲ್ಲಿ ಇಟ್ಟುಕೊಂಡು ಈ ಚಿತ್ರಗಳನ್ನು ನೋಡಿದರೆ ತಲೆಬುಡ ಅರ್ಥ ಆಗುವುದಿಲ್ಲ. ನಮ್ಮಲ್ಲಿ ಚೀಟಿ ಕೊಟ್ಟು, ಮಾತ್ರೆ ತಗೊಂಡು, ನಿಂತ ಕಾಲಲ್ಲೇ ಹೊರಡುತ್ತೇವೆ. ಅಮೆರಿಕದ ಡ್ರಗ್ ಸ್ಟೋರ್‌ನಲ್ಲಿ ಔಷಧಿ ಕಲಸುವ ಜಾಗ ಇರುತ್ತಿದ್ದದ್ದು ಹಿಂಬದಿಯಲ್ಲಿ. ಮುಂದೆ ಒಂದು ಬದಿಗೆ ಉದ್ದನೆಯ ಕೌಂಟರ್, ಅದರ ಮುಂದೆ ತಿರುಗುವ ಸ್ಟೂಲುಗಳು. ಇನ್ನೊಂದು ಬದಿಗೆ ಗಾಜಿನ ಪೆಟ್ಟಿಗೆಯಲ್ಲಿ ಸಿಗಾರು, ಸೋಪು, ಬಾಚಣಿಗೆ, ಕ್ಯಾಮೆರಾ ರೋಲು. ಕಿಟಕಿಯಲ್ಲಿ ಬಣ್ಣದ ನೀರು ತುಂಬಿದ ದೊಡ್ಡ ಗಾಜಿನ ಬುರುಡೆಗಳು. ಅಕ್ಷರ ಬಾರದವರಿಗೂ ಇದು ಔಷಧಿ ಅಂಗಡಿ ಅಂತ ದೂರದಿಂದಲೇ ಗೊತ್ತಾಗುತ್ತಿತ್ತು.

ಗ್ಯಾಸ್ ತುಂಬಿದ ನೀರನ್ನು ಜನ ಮೊದಲು ಕುಡಿದದ್ದು ಔಷಧಿ ಅಂತ. ಬುಗ್ಗೆಯ ಖನಿಜ ನೀರು ಹೊಟ್ಟೆಗೆ ಒಳ್ಳೆಯದು ಅನ್ನುವ ನಂಬಿಕೆ ಇತ್ತು. ಅದನ್ನು ಊರಿನಲ್ಲೇ ಮಾಡಲು ಬೇಕಾದ ಸಲಕರಣೆ, ಆಮ್ಲ, ಅಳತೆಯ ಅರಿವು ಔಷಧಿ ಅಂಗಡಿಯವರ ಹತ್ತಿರ ಇತ್ತು. ಕಹಿ ಮುಚ್ಚುವುದಕ್ಕೆ ಸಕ್ಕರೆ ಪಾಕ ಮಾಡುವುದೂ ಅವರ ಕಸುಬಿನ ಭಾಗ. ಎರಡನ್ನೂ ಸೇರಿಸಿದರೆ ಸೋಡಾ. ಟೆಕ್ಸಸ್ಸಿನ ವೇಕೋ ಊರಿನ ಔಷಧಿ ಅಂಗಡಿಯೊಂದರಲ್ಲಿ ಚಾರ್ಲ್ಸ್ ಆಲ್ಡರ್ಟನ್ 1885ರಲ್ಲಿ ಕಲಸಿದ ಪಾಕ ಡಾಕ್ಟರ್ ಪೆಪ್ಪರ್ ಆಯಿತು. ಮರುವರ್ಷ ಅಟ್ಲಾಂಟಾದಲ್ಲಿ ಜಾನ್ ಪೆಂಬರ್ಟನ್ ಕಲಸಿದ್ದು ಕೋಕಾ-ಕೋಲಾ. ಅದು ಮೊದಲು ಮಾರಾಟವಾದದ್ದು ಜೇಕಬ್ಸ್ ಫಾರ್ಮಸಿಯಲ್ಲಿ, ಲೋಟಕ್ಕೆ 5 ಸೆಂಟು. ನಾರ್ತ್ ಕ್ಯಾರೊಲಿನಾದ ನ್ಯೂ ಬರ್ನ್ ಎಂಬ ಸಣ್ಣ ಊರಿನಲ್ಲಿ ಕೇಲಬ್ ಬ್ರಾಡ್‌ಹ್ಯಾಮ್ 1893ರಲ್ಲಿ ಮಾಡಿದ ಪಾನೀಯಕ್ಕೆ 1898ರಲ್ಲಿ ಪೆಪ್ಸಿ-ಕೋಲಾ ಅಂತ ಹೆಸರಾಯಿತು. ಇವರೆಲ್ಲ ಔಷಧಿ ಕಲಸುತ್ತಿದ್ದವರೇ.

1920ರಿಂದ 1933ರವರೆಗೆ ಪಾನನಿಷೇಧ ಬಂದು ಬಾರುಗಳಿಗೆ ಬೀಗ ಬಿತ್ತು. ಆಗ ಸೋಡಾ ಕೌಂಟರಿನ ವ್ಯಾಪಾರ ಏರಿತು. ಹಿಂಬದಿಯ ಕೌಂಟರಿನಲ್ಲೂ ಏರಿತು ಅನ್ನಬೇಕು, ಯಾಕೆಂದರೆ ಡಾಕ್ಟರ ಚೀಟಿ ಇದ್ದರೆ ವಿಸ್ಕಿ ಔಷಧಿಯಾಗಿ ಸಿಗುತ್ತಿತ್ತು.

ನಮ್ಮ ಫೋಟೋದ ಸ್ಟೀಲಿನ ಕಪ್ಪಿಗೆ ಬರೋಣ. ಅದರಲ್ಲಿರುವುದು ಮಾಲ್ಟೆಡ್ ಮಿಲ್ಕ್. ಇದರ ಮೂಲ ಕೇಳಿದರೆ ಕರ್ನಾಟಕದ ಯಾವ ಮನೆಯವರಿಗಾದರೂ ಪರಿಚಯದ ಹೆಸರೇ ಸಿಗುತ್ತದೆ: ಹಾರ್ಲಿಕ್ಸ್. ಜೇಮ್ಸ್ ಮತ್ತು ವಿಲಿಯಂ ಹಾರ್ಲಿಕ್ ಇಂಗ್ಲೆಂಡಿನಿಂದ ಹೋದ ಅಣ್ಣ ತಮ್ಮಂದಿರು. ಜೇಮ್ಸ್ ಔಷಧಿ ಕಲಸುವುದನ್ನು ಕಲಿತವರು. 1873ರಲ್ಲಿ ಷಿಕಾಗೋದಲ್ಲಿ ವ್ಯಾಪಾರ ಶುರು ಮಾಡಿದರು, ಆಮೇಲೆ ಅದನ್ನು ವಿಸ್ಕಾನ್ಸಿನ್ನಿನ ರೆಸೀನ್ ಪಟ್ಟಣಕ್ಕೆ ಒಯ್ದರು, 1883ರಲ್ಲಿ ಪೇಟೆಂಟ್ ತಗೊಂಡರು. ಮೊಳಕೆ ಬರಿಸಿದ ಬಾರ್ಲಿ, ಗೋಧಿ, ಹಾಲು ಸೇರಿಸಿ ಒಣಗಿಸಿದ ಪುಡಿ. ಉದ್ದೇಶ ಹಸುಗೂಸು ಮತ್ತು ರೋಗಿಗಳ ಆಹಾರ. ಅದಕ್ಕೇ ಅದು ಔಷಧಿ ಅಂಗಡಿಯ ಕಪಾಟಿಗೆ ಬಂತು. ನಮ್ಮಲ್ಲೂ ಜ್ವರ ಬಂದು ಎದ್ದವರಿಗೆ ಮೆಡಿಕಲ್ ಶಾಪಿನಿಂದ ಹಾರ್ಲಿಕ್ಸ್ ಬಾಟಲಿ ಬರುತ್ತಿತ್ತಲ್ವಾ? ಅದೇ ನಂಟು. ಅಮೆರಿಕದಲ್ಲಿ ಕಪಾಟಿನ ಆ ಪುಡಿ ನಾಲ್ಕು ಹೆಜ್ಜೆ ದಾಟಿ ಸೋಡಾ ಕೌಂಟರಿಗೆ ಬಂತು, ತಂಪು ಹಾಲಿಗೆ ಬಿತ್ತು. 1922ರಲ್ಲಿ ಷಿಕಾಗೋದ ವಾಲ್‌ಗ್ರೀನ್ಸ್ ಅಂಗಡಿಯಲ್ಲಿ ಐವರ್ ಕೌಲ್ಸನ್ ಅದಕ್ಕೆ ಐಸ್‌ಕ್ರೀಮ್ ಸೇರಿಸಿ ಹೊಸ ರುಚಿ ಮಾಡಿದರು ಅಂತ ಆ ಕಂಪನಿಯ ಇತಿಹಾಸ ಹೇಳುತ್ತದೆ. ಅಂದರೆ ಲೀ ಚಿತ್ರದ ಕೈಚಳಕದ ಹಿಂದೆ ಇರುವುದು ರೋಗಿಗಳ ಪಥ್ಯದ ಪುಡಿ.

ವಿಕ್ಸ್ ಕೂಡ ಹೀಗೇ ಬಂದದ್ದು. ನಾರ್ತ್ ಕ್ಯಾರೊಲಿನಾದ ಔಷಧಿ ಅಂಗಡಿಯವರಾದ ಲನ್ಸ್‌ಫರ್ಡ್ ರಿಚರ್ಡ್‌ಸನ್ ಮಕ್ಕಳ ಕೆಮ್ಮಿಗೆ ಅಂತ ಮಾಡಿದ ಮುಲಾಮು ಅದು. ತಮ್ಮ ಬಂಧು ಡಾಕ್ಟರ್ ಜೋಶುವಾ ವಿಕ್ ಅವರ ಹೆಸರಿಟ್ಟರು. ನೆಗಡಿ ಆದಾಗ ನಾವು ಮೂಗಿಗೆ ತಿಕ್ಕಿಕೊಳ್ಳುವ ಡಬ್ಬಿಯ ಊರು ಇಂಥ ಫೋಟೋಗಳಲ್ಲಿ ಕಾಣುವ ಅಂಗಡಿಯೇ.

ಕಪಾಟು ಓದುವುದು

ದಿನಾಂಕ ಇಲ್ಲದ ಡ್ರಗ್ ಸ್ಟೋರ್ ಫೋಟೋ ಸಿಕ್ಕಿದರೆ ಏನು ಮಾಡಬೇಕು? ಲೀ ಚಿತ್ರಗಳಿಗೆ ತಿಂಗಳು, ವರ್ಷ ಇದೆ. ಹಾಗಾಗಿ ಉಳಿದವನ್ನು ಅಳೆಯಲು ಅವು ಒಳ್ಳೆಯ ಆಧಾರ. ರೆಕ್ಸಾಲ್ ಬೋರ್ಡು ಇದ್ದರೆ ಚಿತ್ರ 1903ಕ್ಕಿಂತ ಈಚಿನದು ಅಂತ ಹಿಡಿಯಬಹುದು. ಬಾಸ್ಟನ್ನಿನ ಲೂಯಿ ಲಿಗೆಟ್ ಸ್ವಂತ ಅಂಗಡಿಯವರನ್ನೆಲ್ಲ ಒಟ್ಟುಗೂಡಿಸಿ ರೆಕ್ಸಾಲ್ ಎಂಬ ಒಂದೇ ಹೆಸರಿನ ಸರಕು ಮಾರಿಸಲು ಶುರು ಮಾಡಿದ್ದು ಆ ಹೊತ್ತಿಗೆ. ಸರ್ಕಾರದ ಆರ್ಥಿಕ ಚೇತರಿಕೆ ಯೋಜನೆಗೆ ಒಪ್ಪಿದ ಅಂಗಡಿಯವರು ಹಾಕುತ್ತಿದ್ದ ನೀಲಿ ಹದ್ದಿನ ಚೀಟಿ ಕಿಟಕಿಯಲ್ಲಿ ಕಂಡರೆ 1933ರಿಂದ 1935, ಏಕೆಂದರೆ ಆ ಯೋಜನೆಯನ್ನು ಸುಪ್ರೀಂ ಕೋರ್ಟ್ 1935ರ ಮೇ ತಿಂಗಳಲ್ಲಿ ರದ್ದು ಮಾಡಿತು. ಆದರೆ ಕೆಲವು ಅಂಗಡಿಯವರು ಚೀಟಿ ಕಿತ್ತಿರಲಿಕ್ಕಿಲ್ಲ, ಹಾಗಾಗಿ ಇದು ಮೇಲಿನ ಮಿತಿ ಆಗಲಾರದು. 5 ಸೆಂಟಿನ ಕೋಕಾ-ಕೋಲಾ ಬೋರ್ಡಂತೂ ಏನೂ ಸಹಾಯ ಮಾಡುವುದಿಲ್ಲ. ಆ ಬೆಲೆ 1886ರಿಂದ ಸುಮಾರು ಎಪ್ಪತ್ತು ವರ್ಷ ಹಾಗೇ ಇತ್ತು.

ಇನ್ನೊಂದು ವಿಷಯ ಬಹಳ ಜನ ಗಮನಿಸುವುದಿಲ್ಲ. ಸಣ್ಣ ಊರಿನ ಫೋಟೋಗಳು ಉಳಿದದ್ದರಲ್ಲಿ ಔಷಧಿ ಅಂಗಡಿಯದೇ ದೊಡ್ಡ ಪಾಲಿದೆ. 1900ರಲ್ಲಿ ಕೊಡಾಕ್‌ನ ಬ್ರೌನಿ ಕ್ಯಾಮೆರಾ 1 ಡಾಲರಿಗೆ ಬಂತು. ರೋಲು ಮಾರುವವರೂ, ತೊಳೆಯಲು ಕಳಿಸಿಕೊಡುವವರೂ ಡ್ರಗ್ ಸ್ಟೋರಿನವರೇ. 1907ರಿಂದ ಅಂಚೆ ಕಾರ್ಡಿನ ಹಿಂಬದಿಯಲ್ಲಿ ವಿಳಾಸದ ಜೊತೆ ಒಕ್ಕಣೆಯನ್ನೂ ಬರೆಯಲು ಅನುಮತಿ ಸಿಕ್ಕಿತು. ಆಗ ಊರಿನ ಮುಖ್ಯ ಬೀದಿಯ ಫೋಟೋ ಕಾರ್ಡುಗಳಿಗೆ ಬೇಡಿಕೆ ಬಂತು. ಅವೂ ಮಾರಾಟವಾಗುತ್ತಿದ್ದದ್ದು ಇದೇ ಅಂಗಡಿಗಳಲ್ಲಿ. ಹಾಗಾಗಿ ಊರಿನ ಚಿತ್ರದಲ್ಲಿ ಡ್ರಗ್ ಸ್ಟೋರ್ ನಡುಮಧ್ಯ ಬಂದಿದ್ದರೆ ಅದು ಆಕಸ್ಮಿಕ ಅಲ್ಲದಿರಬಹುದು. ಕಾರ್ಡು ಮಾಡಿಸಿದವರೇ ಅಂಗಡಿಯವರು ಇದ್ದಾರು.

ಕಪಾಟಿನ ಬಾಟಲಿಗಳ ಮಾತು ಬಂದಾಗ 1937 ದಾಟಿ ಹೋಗಲು ಆಗುವುದಿಲ್ಲ. ಲೀ ಟೆಕ್ಸಸ್ಸಿಗೆ ಬರುವುದಕ್ಕೆ ಒಂದೂವರೆ ವರ್ಷ ಹಿಂದಿನ ಮಾತು. ಸಲ್ಫಾನಿಲಮೈಡ್ ಎಂಬ ಹೊಸ ಔಷಧಿ ಗಂಟಲು ಸೋಂಕಿಗೆ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಮಾತ್ರೆ ನುಂಗಲಾರದ ಮಕ್ಕಳಿಗೆ ಸಿರಪ್ ಬೇಕಿತ್ತು. ಟೆನೆಸ್ಸೀಯ ಬ್ರಿಸ್ಟಲ್ ಊರಿನ ಮ್ಯಾಸೆಂಗಿಲ್ ಕಂಪನಿ ಅದನ್ನು ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿತು. ರಾಸ್‌ಬೆರಿ ಸುವಾಸನೆ ಸೇರಿಸಿತು. ರುಚಿ, ಬಣ್ಣ, ವಾಸನೆ ನೋಡಿತು, ವಿಷವೋ ಅಲ್ಲವೋ ನೋಡಲಿಲ್ಲ. ಆಗಿನ ಕಾನೂನೂ ಅದನ್ನು ಕೇಳುತ್ತಿರಲಿಲ್ಲ. ನೂರಕ್ಕೂ ಜಾಸ್ತಿ ಜನ ಸತ್ತರು, ಅದರಲ್ಲಿ ಬಹಳ ಮಕ್ಕಳು. ಸರ್ಕಾರದ ಇನ್‌ಸ್ಪೆಕ್ಟರುಗಳು ಊರೂರು ಅಲೆದು, ಔಷಧಿ ಅಂಗಡಿಗಳ ಚೀಟಿ ಕಟ್ಟು ಬಿಚ್ಚಿಸಿ, ಬಾಟಲಿ ತಗೊಂಡವರ ಮನೆ ಹುಡುಕಿದರು. ತಯಾರಾಗಿದ್ದ 240 ಗ್ಯಾಲನ್‌ನಲ್ಲಿ ಸುಮಾರು 234 ಗ್ಯಾಲನ್ ವಾಪಸ್ ಸಿಕ್ಕಿತು. ಉಳಿದಷ್ಟೇ ಇಷ್ಟು ಜನರನ್ನು ಕೊಂದದ್ದು.

ಅದರ ಮೇಲೆ 1938ರ ಜೂನ್‌ನಲ್ಲಿ ಹೊಸ ಕಾನೂನು ಬಂತು. ಹೊಸ ಔಷಧಿ ಮಾರುವ ಮುಂಚೆ ಸುರಕ್ಷಿತ ಅಂತ ತೋರಿಸಬೇಕು. ಅಂದರೆ 1939ರ ಡ್ರಗ್ ಸ್ಟೋರ್ ಚಿತ್ರಗಳ ಕಪಾಟು ಎರಡು ಕಾಲದ ನಡುವೆ ನಿಂತಿದೆ. ಹಳೆ ಟಾನಿಕ್ಕುಗಳು ಇನ್ನೂ ಇವೆ, ಚೀಟಿ ಇಲ್ಲದೆ ಸಿಗುವ ಔಷಧಿ ಬಹಳಷ್ಟಿದೆ. ಚೀಟಿ ಬೇಕಾದದ್ದು, ಬೇಡವಾದದ್ದು ಅಂತ ಕೇಂದ್ರದ ಕಾನೂನು ಸ್ಪಷ್ಟವಾಗಿ ಗೆರೆ ಎಳೆದದ್ದು 1951ರಲ್ಲಿ. ಇದು ಮುಗಿದ ಕಥೆ ಅಂತ ಓದಬೇಡಿ. ಅದೇ ಡೈಎಥಿಲೀನ್ ಗ್ಲೈಕಾಲ್ 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೆಮ್ಮಿನ ಸಿರಪ್ ಒಳಗೆ ಬಂದು ಪುಟ್ಟ ಮಕ್ಕಳ ಜೀವ ತೆಗೆಯಿತು. ಹಳೆಯ ಔಷಧಿ ಬಾಟಲಿಗಳ ಸಾಲನ್ನು ಸುಮ್ನೆ ಚೆಂದಕ್ಕೆ ಅಂತ ನೋಡಲು ನನಗೆ ಆಗುವುದಿಲ್ಲ.

ಸ್ಟೂಲಿನ ಮೇಲೆ ಯಾರು ಕೂರಬಹುದಿತ್ತು?

ಊರಿನವರೆಲ್ಲ ಸೇರುವ ಜಾಗ ಅಂತ ಈ ಸೋಡಾ ಕೌಂಟರನ್ನು ಹೊಗಳುವವರು ಬಹಳ. "ಎಲ್ಲರೂ" ಅನ್ನುವುದು ಸುಳ್ಳು. 1939ರ ಟೆಕ್ಸಸ್ಸಿನಲ್ಲಿ ಕಪ್ಪು ಜನರಿಗೆ ಆ ಸ್ಟೂಲು ಇರಲಿಲ್ಲ. ದಕ್ಷಿಣದ ಡ್ರಗ್ ಸ್ಟೋರ್‌ಗಳಲ್ಲಿ ಅವರ ದುಡ್ಡಿಗೆ ಔಷಧಿ ಸಿಗುತ್ತಿತ್ತು, ಸೋಪು ಸಿಗುತ್ತಿತ್ತು. ಕೂತು ಒಂದು ಲೋಟ ಸೋಡಾ ಕುಡಿಯುವ ಹಾಗಿರಲಿಲ್ಲ. ಮೆಕ್ಸಿಕನ್ ಮೂಲದವರಿಗೂ ಟೆಕ್ಸಸ್ಸಿನ ಎಷ್ಟೋ ಹೋಟೆಲುಗಳಲ್ಲಿ, ಶಾಲೆಗಳಲ್ಲಿ ಬಾಗಿಲು ಮುಚ್ಚಿತ್ತು. ಇಂಥದ್ದರ ವಿರುದ್ಧ ನಿಂತ ಲೂಲಾಕ್ ಸಂಘಟನೆ ಹುಟ್ಟಿದ್ದು 1929ರಲ್ಲಿ, ಇದೇ ಕಾರ್ಪಸ್ ಕ್ರಿಸ್ಟಿಯಲ್ಲಿ.

ಐಸ್‌ಕ್ರೀಮ್ ಚಿತ್ರದಲ್ಲಿ ಇದು ಯಾವುದೂ ಕಾಣುವುದಿಲ್ಲ. ಇಲ್ಲದವರ ಫೋಟೋ ಬರುವುದಿಲ್ಲವಲ್ಲ! ಆದರೆ ಲೀ ಇದನ್ನು ಕಾಣದವರಲ್ಲ. ಅದೇ ವರ್ಷ ಜುಲೈನಲ್ಲಿ ಓಕ್ಲಹೋಮಾ ಸಿಟಿಯ ಟ್ರಾಮ್ ನಿಲ್ದಾಣದಲ್ಲಿ ಅವರು ತೆಗೆದ ಚಿತ್ರದಲ್ಲಿ ಕಪ್ಪು ಮನುಷ್ಯನೊಬ್ಬ ತನ್ನವರಿಗೆ ಅಂತ ಬೇರೆ ಇಟ್ಟ ನೀರಿನ ಕೂಲರಿನಿಂದ ಕುಡಿಯುತ್ತಿದ್ದಾನೆ. ಅಕ್ಟೋಬರಿನಲ್ಲಿ ಅದೇ ತಂಡದ ಮೇರಿಯನ್ ಪೋಸ್ಟ್ ವೋಲ್‌ಕಾಟ್ ಮಿಸಿಸಿಪಿಯ ಬೆಲ್ಜೋನಿಯಲ್ಲಿ ತೆಗೆದದ್ದು ಇನ್ನೊಂದು. ಚಿತ್ರಮಂದಿರದ ಪಕ್ಕದ ಗೋಡೆಗೆ ಹಾಕಿದ ಮೆಟ್ಟಿಲಲ್ಲಿ ಕಪ್ಪು ಮನುಷ್ಯನೊಬ್ಬ ತನಗೆ ಗೊತ್ತುಮಾಡಿದ ಬಾಗಿಲಿಗೆ ಹತ್ತುತ್ತಿದ್ದಾನೆ. ಗೋಡೆಯ ಮೇಲೆ ದೊಡ್ಡದಾಗಿ ಡಾಕ್ಟರ್ ಪೆಪ್ಪರ್ ಜಾಹೀರಾತು. ವೇಕೋದ ಔಷಧಿ ಅಂಗಡಿಯ ಪಾಕ ಊರೂರು ತಲುಪಿತ್ತು, ಕೂತು ಕುಡಿಯುವ ಹಕ್ಕು ತಲುಪಿರಲಿಲ್ಲ. ಈ ಮೂರು ಚಿತ್ರಗಳೂ ಒಂದೇ ಸರ್ಕಾರಿ ಕಡತದ ಹಾಳೆಗಳು, ಎಂಟು ಒಂಬತ್ತು ತಿಂಗಳ ಒಳಗಿನವು. ಮೂರನ್ನೂ ಒಟ್ಟಿಗೆ ಇಡದೆ ಮೊದಲನೆಯದನ್ನು ಒಂದೇ ತೋರಿಸುವುದು ನನ್ನ ಕಣ್ಣಿಗೆ ಅರ್ಧ ಸತ್ಯ.

ಮುಂದೆ ಜನ ಆ ಸ್ಟೂಲುಗಳಿಗಾಗಿಯೇ ಹೋರಾಡಿದರು. 1958ರ ಜುಲೈನಲ್ಲಿ ಕಾನ್ಸಸ್ಸಿನ ವಿಚಿಟಾದ ಡಾಕಮ್ ಡ್ರಗ್ ಸ್ಟೋರ್‌ನಲ್ಲಿ ಕಪ್ಪು ಯುವಜನರು ಬಂದು ಕೌಂಟರಿನಲ್ಲಿ ಕೂತರು. ದಿನಗಟ್ಟಲೆ ಕೂತರು, ಆಗಸ್ಟ್‌ನಲ್ಲಿ ಗೆದ್ದರು. ಆಗಸ್ಟ್ 19ರಂದು ಓಕ್ಲಹೋಮಾ ಸಿಟಿಯ ಕ್ಯಾಟ್ಜ್ ಡ್ರಗ್ ಸ್ಟೋರ್‌ಗೆ ಇತಿಹಾಸದ ಟೀಚರ್ ಕ್ಲಾರಾ ಲೂಪರ್ ಮಕ್ಕಳ ಗುಂಪಿನೊಂದಿಗೆ ಹೋದರು. ಸ್ಟೂಲಿನ ಮೇಲೆ ಕೂತು ಕೋಕಾ-ಕೋಲಾ ಕೇಳಿದರು. ಕೊಡಲಿಲ್ಲ. ಎದ್ದು ಹೋಗಲೂ ಇಲ್ಲ. ಕೆಲವೇ ದಿನಗಳಲ್ಲಿ ಕ್ಯಾಟ್ಜ್ ತನ್ನ ಅಂಗಡಿಗಳ ಕೌಂಟರುಗಳನ್ನು ಎಲ್ಲರಿಗೂ ತೆರೆಯಿತು. ಗ್ರೀನ್ಸ್‌ಬರೋದ ಹೆಸರಾಂತ ಧರಣಿ ನಡೆದದ್ದು ಇದಾದ ಮೇಲೆ, 1960ರಲ್ಲಿ. ಇಂಥ ಭೇದವನ್ನು ನಿಷೇಧಿಸುವ ಕಾನೂನು ಇಡೀ ದೇಶಕ್ಕೆ ಬಂದದ್ದು 1964ರಲ್ಲಿ.

ಲೀ ಕಾರ್ಪಸ್ ಕ್ರಿಸ್ಟಿಗೆ ಮರಳಿ ಹೋದದ್ದೂ ಉಂಟು. 1949ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯಕ್ಕಾಗಿ ಸ್ಪ್ಯಾನಿಷ್ ಮಾತಾಡುವ ಜನರ ಬದುಕನ್ನು ದಾಖಲು ಮಾಡುವ ಕೆಲಸ ಹಿಡಿದರು. ಅದರಲ್ಲಿ ಈ ಊರೂ ಇತ್ತು. ಹತ್ತು ವರ್ಷದ ಹಿಂದೆ ಕೌಂಟರಿನ ಕೈಚಳಕ ಹಿಡಿದ ಊರಿನಲ್ಲೇ ಅವರ ಕ್ಯಾಮೆರಾ ಈ ಸಲ ಬಡವರ ಮನೆ ಬಾಗಿಲಿಗೆ ಹೋಯಿತು.

ಚಿತ್ರ ಮತ್ತು ಬರಹ ಬೇರೆಯಾದದ್ದು ಹೇಗೆ?

ಸ್ಟ್ರೈಕರ್ ಕಚೇರಿಯ ಪದ್ಧತಿ ಹೀಗಿತ್ತು. ಫೋಟೋಗ್ರಾಫರು ರೋಲುಗಳನ್ನು ವಾಷಿಂಗ್ಟನ್ನಿಗೆ ಕಳಿಸಬೇಕು. ಅಲ್ಲಿ ತೊಳೆದು, ಪ್ರಿಂಟು ಹಾಕಿ, ಅವರು ಇದ್ದ ಊರಿಗೆ ವಾಪಸ್ ಕಳಿಸುತ್ತಿದ್ದರು. ಅವರು ಹಿಂದೆ ಟಿಪ್ಪಣಿ ಬರೆಯಬೇಕು. ಲೀ ಜೊತೆ ತಿರುಗುತ್ತಿದ್ದ ಪತ್ರಕರ್ತೆ ಜೀನ್ ಅವರ ಕೈ ಈ ಟಿಪ್ಪಣಿಗಳಲ್ಲಿ ಬಹಳ ಇದೆ. ಲೀ ಚಿತ್ರಗಳ ಬರಹ ಗಟ್ಟಿಯಾಗಿರುವುದಕ್ಕೆ ಆಕೆಗೂ ಶ್ರೇಯ ಸಲ್ಲಬೇಕು. ಆದರೂ ಹೆಸರು ಬರೆಯುವ ರೂಢಿ ಕಡಿಮೆ. ಆ ಮನುಷ್ಯ ತಾನೊಬ್ಬ ವ್ಯಕ್ತಿ ಅನ್ನುವುದಕ್ಕಿಂತ ಒಂದು ಬಗೆಯ ಕೆಲಸದ ಮಾದರಿ ಅಂತ ಕಡತಕ್ಕೆ ಬಂದ. ಅದಕ್ಕೇ ಇಷ್ಟು ಪ್ರಸಿದ್ಧ ಚಿತ್ರದಲ್ಲಿರುವವನಿಗೆ ಅಧಿಕೃತ ಬರಹದಲ್ಲಿ ಹೆಸರಿಲ್ಲ.

ಬೇಡ ಅನ್ನಿಸಿದ ನೆಗೆಟಿವ್‌ಗಳಿಗೆ ಸ್ಟ್ರೈಕರ್ ಪಂಚ್‌ನಿಂದ ತೂತು ಹಾಕಿಸುತ್ತಿದ್ದರು. ಫೋಟೋಗ್ರಾಫರುಗಳಿಗೆ ಇದು ಸಹಿಸಲಾಗದ ಸಂಗತಿ, ಜಗಳವೂ ಆಯಿತು. ಆಮೇಲೆ ನಿಂತಿತು. ಯುದ್ಧ ಬಂದಾಗ ವಿಭಾಗ ಬೇರೆ ಇಲಾಖೆಗೆ ಹೋಯಿತು, 1944ರಲ್ಲಿ ಇಡೀ ಕಡತ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿತು. ಸುಮಾರು 1,75,000 ಕಪ್ಪು ಬಿಳುಪು ನೆಗೆಟಿವ್‌ಗಳು. ಅದನ್ನು ಜೋಡಿಸಿದವರು ಪಾಲ್ ವಾಂಡರ್‌ಬಿಲ್ಟ್. ಮೊದಲು ಅವರು ಒಬ್ಬೊಬ್ಬರು ಒಂದೊಂದು ಊರಿನಲ್ಲಿ ತೆಗೆದ ಚಿತ್ರಗಳನ್ನು ಕಂತೆಯಾಗಿಯೇ ಮೈಕ್ರೋಫಿಲ್ಮ್ ಮಾಡಿಸಿದರು. ಆಮೇಲೆ ಪ್ರಿಂಟುಗಳನ್ನು ಪ್ರದೇಶ, ವಿಷಯ ಅಂತ ಹಂಚಿದರು. ಹುಡುಕುವವರಿಗೆ ಇದು ಅನುಕೂಲ. ಆದರೆ ಊರಿನ ಕಥೆ ಒಡೆಯಿತು. ಔಷಧಿ ಅಂಗಡಿ ಒಂದು ಡ್ರಾಯರಿಗೆ, ಅದೇ ಊರಿನ ಕೂಲಿಗಳ ಮನೆ ಇನ್ನೊಂದಕ್ಕೆ. ಈಗ ಇಂಟರ್ನೆಟ್ಟಿನಲ್ಲಿ ಅದು ಇನ್ನೂ ಒಡೆದಿದೆ. ಚಿತ್ರ ಒಂದೇ ಉಳಿದು ಬರಹ ಪೂರ್ತಿ ಉದುರುತ್ತದೆ.

ಒಡೆದದ್ದನ್ನು ಮತ್ತೆ ಸೇರಿಸಲು ದಾರಿ ಇದೆ, ಮನೆಯಲ್ಲೇ ಕೂತು ಮಾಡಬಹುದು. ಲೈಬ್ರರಿಯ ಜಾಲತಾಣದಲ್ಲಿ ಪ್ರತಿ ನೆಗೆಟಿವ್‌ಗೂ ಒಂದು ನಂಬರ್ ಇದೆ. ಎಲ್‌ಸಿ-ಯುಎಸ್‌ಎಫ್33 ಅಂತ ಶುರುವಾದರೆ 35 ಮಿಲಿಮೀಟರಿನ ಸಣ್ಣ ಕ್ಯಾಮೆರಾ, ಯುಎಸ್‌ಎಫ್34 ಆದರೆ ದೊಡ್ಡದು. ಚಿತ್ರದ ಪುಟದಲ್ಲಿ ಅಕ್ಕಪಕ್ಕದ ನಂಬರುಗಳನ್ನು ನೋಡುವ ಕೊಂಡಿ ಇದೆ. ಅದನ್ನು ಒತ್ತಿದರೆ ವಾಂಡರ್‌ಬಿಲ್ಟ್ ಹಂಚುವುದಕ್ಕೆ ಮುಂಚಿನ ಸಾಲು ಸುಮಾರಾಗಿ ವಾಪಸ್ ಬರುತ್ತದೆ. ಶೀರ್ಷಿಕೆ ಇಲ್ಲದ, ಕೆಲವೊಮ್ಮೆ ತೂತು ಬಿದ್ದ ಚಿತ್ರಗಳೂ ಸಿಗುತ್ತವೆ. ಫೋಟೋಗ್ರಾಫರ್ ಬೀದಿಯಿಂದ ಅಂಗಡಿಗೆ ಹೇಗೆ ಬಂದರು, ಹೊರಗೆ ನಿಂತಿದ್ದವರು ಯಾರು, ಮುಂದಿನ ಚಿತ್ರಕ್ಕೆ ಎಲ್ಲಿಗೆ ಹೋದರು ಅನ್ನುವುದು ಅಲ್ಲಿ ತಿಳಿಯುತ್ತದೆ. ಒಂದು ಡ್ರಗ್ ಸ್ಟೋರ್ ಚಿತ್ರ ಹಂಚಿಕೊಳ್ಳುವ ಮುಂಚೆ ಆ ನಂಬರನ್ನೂ, ತೆಗೆದವರ ಹೆಸರು, ಊರು, ತಿಂಗಳನ್ನೂ ಜೊತೆಗೆ ಹಾಕಿ ಅಂತ ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ. ಎರಡು ಸಾಲಿನ ಕೆಲಸ. ಆ ಎರಡು ಸಾಲು ಇದ್ದರೆ ನೋಡಿದವರು ತಾವೇ ಹೋಗಿ ಪಕ್ಕದ ಚಿತ್ರ ತೆಗೆದು ನೋಡಬಹುದು.